ವಾಲ್ಟರ್ ಕೆಟ್ಟಿದ್ದು ಯಾವ ಕಂತಿನಲ್ಲಿ?



ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ಒಂದು, ಈ ಲೇಖನ 'ಬ್ರೇಕಿಂಗ್ ಬ್ಯಾಡ್' ಎಂಬ ಧಾರಾವಾಹಿಯ ಬಗ್ಗೆ. ಅದರ ಕೊನೆಯವರೆಗಿನ ಕಥೆ ಇಲ್ಲಿ ಬರುತ್ತದೆ. ಮುಂದೆ ನೋಡಬೇಕು ಅಂದುಕೊಂಡಿರುವವರು ಇಲ್ಲಿಗೇ ನಿಲ್ಲಿಸಿ, ನೋಡಿ ಮುಗಿಸಿ, ಆಮೇಲೆ ಬನ್ನಿ. ಎರಡು, ಇದು ದೊಡ್ಡವರಿಗಾಗಿ ಮಾಡಿದ ಧಾರಾವಾಹಿ. ಚಿಕ್ಕ ತರಗತಿಯ ಪುಟಾಣಿಗಳೇ, ನಿಮಗೆ ಇನ್ನೂ ಹತ್ತು ವರ್ಷ ಕಾಯಬೇಕು. ನನಗೂ 16 ತುಂಬಿದ ಮೇಲೆಯೇ ಅನುಮತಿ ಸಿಕ್ಕಿದ್ದು. ಅದೂ ಅಪ್ಪ ಅಮ್ಮ ಪಕ್ಕದಲ್ಲಿ ಕೂತಿದ್ದರೆ ಮಾತ್ರ ಎಂಬ ಷರತ್ತಿನ ಮೇಲೆ. ರಿಮೋಟ್ ಪೂರ್ತಿ ಅಮ್ಮನ ಕೈಯಲ್ಲಿತ್ತು.

ಕಥೆ ಗೊತ್ತಿಲ್ಲದವರಿಗಾಗಿ ನಾಲ್ಕು ಸಾಲು. ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ಊರಿನಲ್ಲಿ ವಾಲ್ಟರ್ ವೈಟ್ ಎಂಬ ಹೈಸ್ಕೂಲ್ ಕೆಮಿಸ್ಟ್ರಿ ಮೇಷ್ಟ್ರು. ವಯಸ್ಸು 50. ಸಂಬಳ ಸಾಲದೆ ಶಾಲೆ ಮುಗಿದ ಮೇಲೆ ಕಾರ್ ವಾಶ್‌ನಲ್ಲೂ ಕೆಲಸ. ಹೆಂಡತಿ ಸ್ಕೈಲರ್ ಬಸುರಿ. ಸರಿಸುಮಾರು ನನ್ನ ವಯಸ್ಸಿನ ಒಬ್ಬ ಮಗ. ಅಷ್ಟರಲ್ಲಿ ವಾಲ್ಟರ್‌ಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಗುತ್ತದೆ. ತಾನು ಹೋದ ಮೇಲೆ ಮನೆಯವರಿಗೆ ಏನಾದರೂ ಉಳಿಯಲಿ ಎಂದು, ತನ್ನ ಹಳೇ ವಿದ್ಯಾರ್ಥಿ ಜೆಸ್ಸಿ ಪಿಂಕ್‌ಮನ್ ಜೊತೆ ಸೇರಿ ಮೆತ್ ಎಂಬ ಮಾದಕವಸ್ತು ತಯಾರಿಸಲು ಶುರು ಮಾಡುತ್ತಾನೆ. 2008ರ ಜನವರಿಯಿಂದ 2013ರ ಸೆಪ್ಟೆಂಬರ್‌ವರೆಗೆ 5 ಸೀಸನ್, 62 ಕಂತುಗಳು. ಮೊದಲ ಕಂತಿನಲ್ಲಿ ಅಯ್ಯೋ ಪಾಪ ಅನ್ನಿಸುವ ಮೇಷ್ಟ್ರನ್ನು ಕಂಡರೆ ಕೊನೇ ಸೀಸನ್‌ನಲ್ಲಿ ಅವನ ಹೆಂಡತಿಯೇ ಹೆದರುತ್ತಾಳೆ. ಇದನ್ನು ಸೃಷ್ಟಿಸಿದ ವಿನ್ಸ್ ಗಿಲ್ಲಿಗನ್ ಅವರ ಉದ್ದೇಶವೂ ಅದೇ ಆಗಿತ್ತು. ಟಿವಿಯಲ್ಲಿ ನಾಯಕರು ಎಷ್ಟು ವರ್ಷವಾದರೂ ಬದಲಾಗುವುದಿಲ್ಲ, ತಾನು ನಾಯಕನನ್ನೇ ನಿಧಾನವಾಗಿ ಖಳನಾಯಕ ಮಾಡಬೇಕು ಎಂದು ಅವರು ಹೊರಟಿದ್ದರು.

ಹಾಗಾಗಿ ಈ ಧಾರಾವಾಹಿಯ ಅಭಿಮಾನಿಗಳು ಎಲ್ಲಿ ಸೇರಿದರೂ ಒಂದೇ ಜಗಳ. ವಾಲ್ಟರ್ ಕೆಟ್ಟಿದ್ದು ಯಾವ ಕಂತಿನಲ್ಲಿ? ನಮ್ಮ ಶಾಲೆಯ ಊಟದ ಮೇಜಿನಲ್ಲಿ ಇದೇ ಜಗಳ. ನಮ್ಮ ಮನೆಯಲ್ಲೂ ಇದೇ ಜಗಳ.

ಅಮ್ಮನ ಉತ್ತರ: ಮೂರನೇ ಕಂತು. ಅಲ್ಲಿ ವಾಲ್ಟರ್ ತನ್ನನ್ನು ಕೊಲ್ಲಲು ಬಂದಿದ್ದ ಒಬ್ಬನನ್ನು ನೆಲಮಾಳಿಗೆಯಲ್ಲಿ ಕಟ್ಟಿಹಾಕಿರುತ್ತಾನೆ. ಬಿಡಬೇಕೋ ಕೊಲ್ಲಬೇಕೋ ಎಂದು ಕಾಗದದ ಮೇಲೆ ಪಟ್ಟಿ ಮಾಡುತ್ತಾನೆ. ಬಿಡಲು ಬೇಕಾದಷ್ಟು ಕಾರಣ ಇರುತ್ತದೆ, ಕೊಲ್ಲಲು ಒಂದೇ ಒಂದು: ಬಿಟ್ಟರೆ ಮನೆಮಂದಿಯನ್ನೆಲ್ಲ ಕೊಲ್ಲುತ್ತಾನೆ. "ಒಬ್ಬನ ಜೀವವನ್ನ ತರಕಾರಿ ಲಿಸ್ಟ್ ಥರ ಬರೆದ ಅಲ್ವಾ, ಅಲ್ಲೇ ಮುಗೀತು" ಅಂದಳು ಅಮ್ಮ. ನಾನು ಒಪ್ಪಲಿಲ್ಲ. ಅದು ಆತ್ಮರಕ್ಷಣೆ ಅಂದೆ.

ಅಪ್ಪನ ಉತ್ತರ: ಐದನೇ ಕಂತು. ವಾಲ್ಟರ್ ಹಿಂದೆ ಗೆಳೆಯ ಎಲಿಯಟ್ ಜೊತೆ ಗ್ರೇ ಮ್ಯಾಟರ್ ಎಂಬ ಕಂಪನಿ ಶುರು ಮಾಡಿ, ತನ್ನ ಪಾಲನ್ನು ಬರೀ 5000 ಡಾಲರ್‌ಗೆ ಮಾರಿ ಹೊರಬಂದಿರುತ್ತಾನೆ. ಕಂಪನಿ ಆಮೇಲೆ ಆಕಾಶಕ್ಕೆ ಏರಿರುತ್ತದೆ. ಕಾಯಿಲೆ ಸುದ್ದಿ ತಿಳಿದ ಎಲಿಯಟ್ ಇನ್ಶೂರೆನ್ಸ್ ಇರುವ ಕೆಲಸ ಕೊಡುತ್ತೇನೆ ಅನ್ನುತ್ತಾನೆ. ಅವನ ಹೆಂಡತಿ ಗ್ರೆಚೆನ್ ಚಿಕಿತ್ಸೆಯ ಖರ್ಚು ನಾವೇ ಕೊಡುತ್ತೇವೆ ಅನ್ನುತ್ತಾಳೆ. ವಾಲ್ಟರ್ ಬೇಡ ಅನ್ನುತ್ತಾನೆ. ಮನೆಯಲ್ಲಿ ಮಾತ್ರ ಅವರೇ ಕೊಡುತ್ತಿದ್ದಾರೆ ಎಂದು ಸುಳ್ಳು ಹೇಳಿ ಮೆತ್ ಮಾಡಲು ಹೋಗುತ್ತಾನೆ. "ಮನೆಯವರಿಗಾಗಿಯೇ ಆಗಿದ್ದರೆ ಕಥೆ ಅಲ್ಲಿಗೆ ಮುಗೀಬೇಕಿತ್ತು. 62 ಕಂತು ಯಾಕೆ ಬೇಕಿತ್ತು?" ಅಂದರು ಅಪ್ಪ.

ನಾನು ಜೋರಾಗಿಯೇ ಕೇಳಿದೆ. "ಸ್ವಾಭಿಮಾನ ಅಂತ ಇರಲ್ವಾ ಅಪ್ಪ? ನಿಮ್ಮ ಕೆಲಸ ಹೋಗಿತ್ತಲ್ಲ ಆ ವರ್ಷ, ನೀವು ಮಾವನ ಹತ್ತಿರ ದುಡ್ಡು ತಗೊಂಡ್ರಾ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ತಗೊಂಡೆ. ನಿನಗೆ ಗೊತ್ತಿಲ್ಲ ಅಷ್ಟೆ" ಅಂದರು.

ಆ ರಾತ್ರಿ ನಾವು ಮುಂದಿನ ಕಂತು ಹಾಕಲಿಲ್ಲ.

ಕಾಲೇಜಿನಿಂದ ರಜೆಗೆ ಬಂದಿದ್ದ ಅಣ್ಣನ ಉತ್ತರ: ನಾಲ್ಕನೇ ಸೀಸನ್‌ನ ಕೊನೆ. ಜೆಸ್ಸಿಯನ್ನು ತನ್ನ ಕಡೆ ಎಳೆದುಕೊಳ್ಳಲು ವಾಲ್ಟರ್, ಬ್ರಾಕ್ ಎಂಬ ಚಿಕ್ಕ ಹುಡುಗನಿಗೆ ವಿಷದ ಗಿಡದಿಂದ ಕಾಯಿಲೆ ಬರಿಸುತ್ತಾನೆ. ಅದಕ್ಕೂ ನನ್ನ ಬಳಿ ಉತ್ತರ ಇತ್ತು. ಹುಡುಗ ಸಾಯಲಿಲ್ಲವಲ್ಲ, ಅಳೆದು ಹಾಕಿದ್ದ ಅಂದೆ. ಅಣ್ಣ ನನ್ನನ್ನೇ ನೋಡಿ, "ನೀನು ಈಗ ಏನು ಹೇಳಿದೆ ಅಂತ ಕೇಳಿಸ್ತಾ?" ಅಂದ.

ಭಾನುವಾರ ಪುತ್ತೂರಿನ ಅಜ್ಜಿಗೆ ವಿಡಿಯೋ ಕಾಲ್ ಮಾಡಿದಾಗಲೂ ನಮ್ಮ ಜಗಳ ನಿಂತಿರಲಿಲ್ಲ. "ಎಂತ ಮಗಾ ಅಲ್ಲಿ ಗಲಾಟೆ?" ಎಂದು ಅಜ್ಜಿ ಕೇಳಿದರು. ಆಗ ನಾವು ಎರಡನೇ ಸೀಸನ್‌ನ 12ನೇ ಕಂತಿನ ಬಗ್ಗೆ ಕಿತ್ತಾಡುತ್ತಿದ್ದೆವು. ಜೆಸ್ಸಿಯ ಗೆಳತಿ ಜೇನ್ ಮಾದಕವಸ್ತುವಿನ ಅಮಲಿನಲ್ಲಿ ಮಲಗಿರುತ್ತಾಳೆ. ನಿದ್ದೆಯಲ್ಲೇ ವಾಂತಿಯಾಗಿ ಅವಳಿಗೆ ಉಸಿರು ಕಟ್ಟುತ್ತದೆ. ವಾಲ್ಟರ್ ಪಕ್ಕದಲ್ಲೇ ಇರುತ್ತಾನೆ. ಅವಳನ್ನು ಮಗ್ಗುಲಿಗೆ ಹೊರಳಿಸಿದ್ದರೆ ಸಾಕಿತ್ತು. ಒಮ್ಮೆ ಕೈ ಮುಂದೆ ಚಾಚುತ್ತಾನೆ, ನಿಲ್ಲಿಸುತ್ತಾನೆ. ಅವಳು ಇಲ್ಲದಿದ್ದರೆ ಅವನಿಗೆ ಅನುಕೂಲ. ಅವಳ ತಂದೆ ವಿಮಾನಗಳಿಗೆ ದಾರಿ ಹೇಳುವ ಕೆಲಸದವರು. ಮಗಳು ಹೋದ ದುಃಖದಲ್ಲಿ ಅವರು ಕೆಲಸಕ್ಕೆ ಮರಳಿದಾಗ ಎರಡು ವಿಮಾನಗಳು ಡಿಕ್ಕಿಯಾಗಿ 167 ಜನ ಸಾಯುತ್ತಾರೆ.

"ಆ ಮೇಷ್ಟ್ರು ಎಂತ ಮಾಡಿದ?" ಅಜ್ಜಿ ಕೇಳಿದರು.

"ಏನೂ ಮಾಡಲಿಲ್ಲ ಅಜ್ಜಿ. ನಾನು ಹೇಳ್ತಿರೋದೂ ಅದೇ. ಅವನು ಕೊಲ್ಲಲಿಲ್ಲ."

"ಭೀಷ್ಮನೂ ಎಂತ ಮಾಡ್ಲಿಲ್ಲ ಮಗಾ. ಸಭೆಯಲ್ಲಿ ಕೂತುಕೊಂಡಿದ್ದ."

ಅಜ್ಜಿಗೆ ಈ ಥರದ ಜಗಳ ಹೊಸದಲ್ಲ. ನಮ್ಮ ಅಜ್ಜನಿಗೆ ತಾಳಮದ್ದಳೆಯ ಹುಚ್ಚು. ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು, ತಾಳಮದ್ದಳೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ವಾದ ಮಾಡುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟಬೇಕು. ಬಾಣ ತಾಗಿ ಬಿದ್ದ ವಾಲಿ, ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತಾನೆ. ರಾಮ ಉತ್ತರ ಕೊಡಲೇಬೇಕು. ಜನ ರಾತ್ರಿಯಿಡೀ ಕೂತು ಕೇಳುತ್ತಿದ್ದರಂತೆ.

"ಇವತ್ತು ವಾಲಿಯ ಅರ್ಥ ಹೇಳಿದವ ನಾಳೆ ರಾಮನ ಅರ್ಥವೂ ಹೇಳ್ಬೇಕು" ಅಂದರು ಅಜ್ಜಿ. "ನೀನು ಒಂದೇ ಕಡೆ ಕೂತ್ರೆ ಅದು ವಾದ ಅಲ್ಲ ಮಗಾ, ಹಠ."

ಅಪ್ಪನಿಗೆ ಇದು ತುಂಬಾ ಹಿಡಿಸಿತು. ಮುಂದಿನ ಶನಿವಾರ ರಾತ್ರಿ ನಮ್ಮ ಹಾಲ್‌ನಲ್ಲೇ ತಾಳಮದ್ದಳೆ ಎಂದು ಘೋಷಿಸಿದರು. ಅಪ್ಪನೇ ವಾಲ್ಟರ್. ಅಣ್ಣ ಜೆಸ್ಸಿ. ನಾನು ಸ್ಕೈಲರ್. ಅಮ್ಮ ಭಾಗವತರು, ಅಂದರೆ ರಿಮೋಟ್.

ನನಗೆ ಸಿಟ್ಟು ಬಂತು. ಸ್ಕೈಲರ್ ನನಗೆ ಆಗದ ಪಾತ್ರ. ನನಗೆ ಮಾತ್ರ ಅಲ್ಲ, ಲಕ್ಷಾಂತರ ಜನರಿಗೆ. ಸದಾ ಪ್ರಶ್ನೆ ಕೇಳುತ್ತಾಳೆ, ಮಜಾ ಹಾಳು ಮಾಡುತ್ತಾಳೆ ಎಂದು ಅವಳನ್ನು ಬೈದವರಿಗೆ ಲೆಕ್ಕವಿಲ್ಲ. ಆ ಪಾತ್ರ ಮಾಡಿದ ಆ್ಯನಾ ಗನ್ ಅವರಿಗೇ ಆ ದ್ವೇಷ ತಟ್ಟಿತು. 2013ರ ಆಗಸ್ಟ್‌ನಲ್ಲಿ ಅವರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇದರ ಬಗ್ಗೆಯೇ ಬರೆದರು. ತನ್ನನ್ನು ಕೊಲ್ಲುವ ಮಾತನ್ನೂ ಯಾರೋ ಆಡಿದ್ದರು ಎಂದು ಹೇಳಿದರು. ಯೋಚಿಸಿ, ಕೊಲೆ ಮಾಡಿದ್ದು ಗಂಡ, ಬೈಗುಳ ತಿಂದದ್ದು ಹೆಂಡತಿ.

ವಾದಕ್ಕೆ ತಯಾರಾಗಲು ನಾನು ಕೆಲವು ಕಂತುಗಳನ್ನು ಮತ್ತೆ ನೋಡಿದೆ. ಈ ಸಲ ಸ್ಕೈಲರ್ ಇರುವ ದೃಶ್ಯಗಳನ್ನು ಮಾತ್ರ. ವಾಲ್ಟರ್ ಏನು ಮಾಡುತ್ತಿದ್ದಾನೆ ಎಂದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅದನ್ನು ನಾನು ಮರೆತೇಬಿಟ್ಟಿದ್ದೆ. ಅವಳ ಕಡೆಯಿಂದ ನೋಡಿದರೆ ಗಂಡ ಹೇಳದೆ ಮಾಯವಾಗುತ್ತಾನೆ, ಎರಡನೇ ಫೋನ್ ಇಟ್ಟುಕೊಂಡಿದ್ದಾನೆ, ಕೇಳಿದರೆ ಸುಳ್ಳು ಹೇಳುತ್ತಾನೆ. ನಿಜ ಗೊತ್ತಾದ ಮೇಲೆ ಮನೆಗೆ ಬರಬೇಡ ಅಂದರೂ ಬಂದು ಕೂರುತ್ತಾನೆ. ಅವಳು ಪೊಲೀಸರನ್ನು ಕರೆಯುತ್ತಾಳೆ, ಆದರೆ ಮಗನ ಮುಂದೆ ನಿಜ ಹೇಳಲಾರಳು. ಹಾಗಂತ ಅವಳೂ ಸಾಚಾ ಅಲ್ಲ. ಆಮೇಲೆ ಕಾರ್ ವಾಶ್ ಕೊಂಡು, ಗಂಡನ ಕಪ್ಪು ಹಣವನ್ನು ಬಿಳಿ ಮಾಡುವವಳೂ ಅವಳೇ. ಈ ಕಥೆಯಲ್ಲಿ ವಾಲ್ಟರ್ ಒಬ್ಬನೇ ಜಾರುವುದಿಲ್ಲ, ಹತ್ತಿರ ಇದ್ದವರನ್ನೂ ಎಳೆದುಕೊಂಡೇ ಜಾರುತ್ತಾನೆ. ಜೆಸ್ಸಿಯೂ ವಾಲ್ಟರ್ ಹೇಳಿದನೆಂದು ಒಬ್ಬನನ್ನು ಕೊಲ್ಲುತ್ತಾನೆ. ಆದರೆ ಜೆಸ್ಸಿಗೆ ಆಮೇಲೆ ನೆಮ್ಮದಿಯಿಲ್ಲ. ಕೊನೇ ಸೀಸನ್‌ನಲ್ಲಿ ದುಡ್ಡನ್ನು ಬೀದಿಬೀದಿಗೆ ಎಸೆಯುತ್ತಾ ಹೋಗುತ್ತಾನೆ.

ಶನಿವಾರ ಅಪ್ಪ ಒಳ್ಳೇ ವಾಲ್ಟರ್ ಆದರು. "ನಾನು ಮಾಡಿದ್ದೆಲ್ಲ ನಿಮಗಾಗಿ" ಎಂದು ಎದೆ ಮುಟ್ಟಿಕೊಂಡು ಹೇಳಿದರು. ನಾನು ಬರೆದುಕೊಂಡಿದ್ದ ಚೀಟಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

"ನಮಗಾಗಿ ಅಂತೀಯಲ್ಲ, ನಮ್ಮನ್ನ ಕೇಳಿದೆಯಾ?"

ಅಮ್ಮ ಚಪ್ಪಾಳೆ ತಟ್ಟಿದಳು. ಅಣ್ಣ ಸಿಳ್ಳೆ ಹೊಡೆದ. ನನಗೆ ಮಾತ್ರ ಮುಂದೆ ಮಾತು ಹೊರಡಲಿಲ್ಲ. ಯಾಕೆ ಅಂದರೆ ಇದು.

ಅದಕ್ಕೂ ಎರಡು ವಾರ ಮೊದಲು ನಮ್ಮ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಟೈಟ್ರೇಷನ್ ಇತ್ತು. ಮೂರು ಸಲ ಮಾಡಿ ಮೂರು ರೀಡಿಂಗ್ ಬರೆಯಬೇಕು. ನಾನೂ ನನ್ನ ಜೊತೆಗಾರನೂ ಎರಡು ಮಾಡುವಷ್ಟರಲ್ಲಿ ಗಂಟೆ ಹೊಡೆಯಿತು. ರಿಪೋರ್ಟ್ ಬರೆಯುವಾಗ ಮೂರನೆಯದನ್ನು ನಾನೇ ಹುಟ್ಟಿಸಿದೆ. ಮೊದಲ ಎರಡಕ್ಕೆ ಹತ್ತಿರವಾದ ಒಂದು ಸಂಖ್ಯೆ. ನಮ್ಮಿಬ್ಬರ ಗ್ರೇಡ್‌ಗಾಗಿ ತಾನೇ, ಅಂದುಕೊಂಡೆ. ಅವನಿಗೆ ಹೇಳಲಿಲ್ಲ. ಟೀಚರ್‌ಗೆ ಅನುಮಾನ ಬಂದು ಕೇಳಿದಾಗ, "ರೀಡಿಂಗ್ ಬರೆದುಕೊಂಡದ್ದು ಅವನು" ಅಂದೆ. ಮೊದಲ ಎರಡನ್ನು ಬರೆದುಕೊಂಡದ್ದು ಅವನೇ, ಹಾಗಾಗಿ ಅದು ಪೂರ್ತಿ ಸುಳ್ಳೂ ಅಲ್ಲ. ಅವನ ನೋಟ್‌ಬುಕ್‌ನಲ್ಲಿ ಮೂರನೇ ರೀಡಿಂಗ್ ಇರಲಿಲ್ಲ. ಅವನಿಗೆ ಸೊನ್ನೆ ಬಂತು. ನಾನು ಪಕ್ಕದಲ್ಲೇ ನಿಂತಿದ್ದೆ, ಏನೂ ಮಾಡಲಿಲ್ಲ.

ವಾಲ್ಟರ್‌ನ ಪ್ರತಿ ತಪ್ಪಿಗೂ ನನ್ನ ಬಳಿ ಉತ್ತರ ಯಾಕೆ ತಯಾರಾಗಿತ್ತು ಎಂದು ನನಗೆ ಅವತ್ತು ಗೊತ್ತಾಯಿತು.

ನನ್ನ ಸಂಖ್ಯೆಯನ್ನೂ ಕೊಲೆಯನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಮಾತುಗಳು ಅವೇ: ಬೇರೆ ದಾರಿ ಇರಲಿಲ್ಲ, ಎಲ್ಲರಿಗಾಗಿ ಮಾಡಿದೆ, ಯಾರಿಗೂ ಏನೂ ಆಗಲಿಲ್ಲವಲ್ಲ, ನಾನಾಗಿ ಏನೂ ಮಾಡಲಿಲ್ಲ. ಅದಕ್ಕೇ ವಾಲ್ಟರ್ ಯಾವ ಕಂತಿನಲ್ಲಿ ಕೆಟ್ಟ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ಪ್ರತಿ ಕಂತಿನಲ್ಲೂ ಅವನು ಹಿಂದಿನದಕ್ಕಿಂತ ಸ್ವಲ್ಪ ಮಾತ್ರ ಮುಂದೆ ಹೋಗುತ್ತಾನೆ. ಹಿಂದಿನದನ್ನು ಒಪ್ಪಿದ ನಾವು ಇದನ್ನೂ ಒಪ್ಪುತ್ತೇವೆ. ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದದ್ದು ಬೇರೆ. ಅವನಿಗೆ "ಬೇಡ" ಅನ್ನುವುದನ್ನು ನೀವು ನಿಲ್ಲಿಸಿದ್ದು ಯಾವ ಕಂತಿನಲ್ಲಿ?

62ನೇ ಕಂತಿನಲ್ಲಿ ವಾಲ್ಟರ್ ಕೊನೆಗೂ ಸ್ಕೈಲರ್ ಮುಂದೆ ಒಪ್ಪಿಕೊಳ್ಳುತ್ತಾನೆ. ಮನೆಯವರಿಗಾಗಿ ಅಲ್ಲ, ತನಗಾಗಿಯೇ ಮಾಡಿದ್ದು, ಅದು ತನಗೆ ಇಷ್ಟವಾಗಿತ್ತು ಎಂದು. ಆ ಒಂದು ನಿಜಕ್ಕಾಗಿ ಅವನನ್ನು ಕ್ಷಮಿಸಬಹುದು ಎಂದು ಕೆಲವು ಅಭಿಮಾನಿಗಳ ವಾದ. ನನಗೆ ಹಾಗೆ ಅನ್ನಿಸುವುದಿಲ್ಲ. ಅಷ್ಟು ಹೊತ್ತಿಗೆ ಅವನು ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ನನಗೆ ಇನ್ನೂ ಉಳಿದಿತ್ತು.

ಸೋಮವಾರ ಬೆಳಿಗ್ಗೆ ಟೀಚರ್ ಹತ್ತಿರ ಹೋಗಿ ಹೇಳಿದೆ. ಜೊತೆಗಾರನ ಸೊನ್ನೆ ನನಗೆ ಬಂತು. ಅವನ ಗ್ರೇಡ್ ಸರಿಯಾಯಿತು. ಅವನು ಈಗ ನನ್ನ ಜೊತೆ ಮಾತಾಡುತ್ತಾನೆ, ಆದರೆ ಲ್ಯಾಬ್‌ನಲ್ಲಿ ಬೇರೆ ಮೇಜಿಗೆ ಹೋಗಿದ್ದಾನೆ. ಅವನು ಹಾಗೆ ಮಾಡಿದ್ದು ತಪ್ಪು ಎಂದು ನಾನು ಹೇಳಲಾರೆ. ಮನೆಯಲ್ಲಿ ಹೇಳಿದಾಗ ಅಮ್ಮ ಬೈದಳು. ಅಪ್ಪ ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಮುಂದಿನ ಭಾನುವಾರ ಅಜ್ಜಿ ಮರೆಯದೆ ಕೇಳಿದರು. "ಆ ಮೇಷ್ಟ್ರು ಕೊನೆಗೆ ಎಂತ ಆದ?"

"ಸತ್ತ ಅಜ್ಜಿ."

"ಹೆಂಡತಿಗೆ ನಿಜ ಹೇಳಿದನಾ?"

"ಹೇಳಿದ. ಕೊನೇ ಕಂತಲ್ಲಿ."

"ಅಷ್ಟು ತಡವಾ!" ಅಂದರು ಅಜ್ಜಿ.

ಓದುಗರೇ, ನಿಮ್ಮ ಮನೆಯಲ್ಲೂ ಒಮ್ಮೆ ಹೀಗೆ ಮಾಡಿ ನೋಡಿ. ಯಾವುದೇ ಸಿನಿಮಾ, ಧಾರಾವಾಹಿ, ಕಥೆ ಆಗಬಹುದು. ನಿಮಗೆ ಯಾರನ್ನು ಕಂಡರೆ ಆಗುವುದಿಲ್ಲವೋ ಆ ಪಾತ್ರವನ್ನೇ ತೆಗೆದುಕೊಳ್ಳಿ. ಅಪ್ಪ ಅಮ್ಮಂದಿರೇ, ನೀವೂ ಕೂರಬೇಕು, ಮಕ್ಕಳಿಗೆ ಮಾತ್ರ ಬಿಡಬೇಡಿ. ಕನ್ನಡದಲ್ಲೇ ವಾದ ಮಾಡಿ. ಪದ ಸಿಗದಿದ್ದರೆ ನನ್ನ ಹಾಗೆ ಊರಿಗೆ ಫೋನ್ ಮಾಡಿ. ವಾದ ಹೇಗಾಯಿತು ಎಂದು ಮುಂದಿನ ತರಗತಿಗೆ ಬಂದಾಗ ಹೇಳಿ.