ಸೆನ್ ಕಣಿವೆಯ ಹುಳಿ ಬಿಯರು, ಅದನ್ನು ಉಳಿಸಿದ ನೆರೆಹೊರೆ

ಬ್ರಸೆಲ್ಸ್ ನಗರದ ದಕ್ಷಿಣ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ, ಆಂಡರ್ಲೆಕ್ಟ್ ಬಡಾವಣೆಯ ಸಾಧಾರಣ ಬೀದಿಯೊಂದರಲ್ಲಿ ಕಾಂಟಿಯೋನ್ ಎಂಬ ಸಣ್ಣ ಬ್ರೂವರಿ ಇದೆ. 1900ರಲ್ಲಿ ಶುರುವಾದ ಇದು ಇಂದಿಗೂ ಒಂದೇ ಕುಟುಂಬದ ಕೈಯಲ್ಲಿದೆ. ಸ್ಥಳೀಯ ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಲೋಟ್, ಬೇರ್ಸೆಲ್ ಎಂಬ ಊರುಗಳು ಬರುತ್ತವೆ. ಅಲ್ಲಿ ಇಂಥವೇ ಇನ್ನೆರಡು ಮನೆಗಳು. ಶನಿವಾರ, ಭಾನುವಾರದ ಬಿಡುವಿನಲ್ಲಿ ಗೆಳೆಯರಿಬ್ಬರು ನೋಡಿಕೊಂಡು ಬರಬಹುದಾದ ದಾರಿ ಇದು. ಇಬ್ಬರು ಬೇಕು ಎನ್ನುವುದಕ್ಕೆ ಕಾರಣವಿದೆ. ಇಲ್ಲಿಯ ಗೂಜ್ ಎಂಬ ಹುಳಿ ಬಿಯರು ಹೆಚ್ಚಾಗಿ ಬರುವುದು ಬಿರಡೆ ಹಾಕಿದ 750 ಮಿಲಿಲೀಟರಿನ ದಪ್ಪ ಸೀಸೆಯಲ್ಲಿ. ತಳದಲ್ಲಿ ಕೂತ ಗಸಿ ಕಲಕದಿರಲಿ ಎಂದು ಅದನ್ನು ಬೆತ್ತದ ಬುಟ್ಟಿಯಲ್ಲಿ ಓರೆಯಾಗಿ ಮಲಗಿಸಿ ತರುತ್ತಾರೆ. ತೆರೆದ ಸೀಸೆಯನ್ನು ಆಗಲೇ ಮುಗಿಸಬೇಕು, ಒಬ್ಬನಿಗೆ ಅದು ಹೆಚ್ಚಾಯಿತು. ಈ ಬಿಯರಿನ ಬಗ್ಗೆ ಎಲ್ಲೆಲ್ಲೂ ಕೇಳಿಬರುವ ವಿವರಣೆ ಒಂದೇ: ಸೆನ್ ನದಿಯ ಕಣಿವೆಯ ಗಾಳಿಯಲ್ಲಿ ವಿಶೇಷವಾದ ಕಾಡು ಯೀಸ್ಟ್ ಇದೆ, ಆದ್ದರಿಂದ ಇದು ಇಲ್ಲಿ ಮಾತ್ರ ಆಗುತ್ತದೆ. ಈ ಮಾತಿನಲ್ಲಿ ಸತ್ಯವಿದೆ, ಆದರೆ ಅರ್ಧ ಮಾತ್ರ. ಗಾಳಿಯಷ್ಟೇ ಸಾಕಾಗಿದ್ದರೆ ಇಲ್ಲಿಯ ಒಂದು ಬ್ರೂವರಿಯೂ ಬಾಗಿಲು ಹಾಕುತ್ತಿರಲಿಲ್ಲ. ಈ ಕಸುಬನ್ನು ಉಳಿಸಿದ್ದು ಒಬ್ಬರ ಪೀಪಾಯಿಯನ್ನು ಇನ್ನೊಬ್ಬರು ತುಂಬಿಕೊಟ್ಟ ನೆರೆಹೊರೆ, ಮತ್ತು ಹುಡುಕಿಕೊಂಡು ಬಂದ ಅತಿಥಿಗಳು.

ಮೊದಲು ಬಿಯರಿನ ವಿಷಯ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ನಡೆಯುವ ಕೆಲಸ ಈಗ ನಮ್ಮಲ್ಲಿ ಅನೇಕರಿಗೆ ಗೊತ್ತು. ಕುದಿಸಿದ ಮಾಲ್ಟಿನ ರಸವನ್ನು ಬೇಗನೆ ತಣಿಸುತ್ತಾರೆ, ಆರಿಸಿದ ಯೀಸ್ಟ್ ಬೆರೆಸುತ್ತಾರೆ, ಕೆಲವು ವಾರಗಳಲ್ಲಿ ತಾಜಾ ಬಿಯರ್ ಲೋಟಕ್ಕೆ ಬರುತ್ತದೆ. ಸೆನ್ ಕಣಿವೆಯ ಲ್ಯಾಂಬಿಕ್ ಇದಕ್ಕೆ ತೀರಾ ಬೇರೆ. ಸುಮಾರು ಮೂರರಲ್ಲೆರಡು ಪಾಲು ಬಾರ್ಲಿ ಮಾಲ್ಟ್, ಮೂರರಲ್ಲೊಂದು ಪಾಲು ಹಸಿ ಗೋಧಿ. ಹಾಪ್ಸ್ ಹೂವನ್ನು ಎರಡು ಮೂರು ವರ್ಷ ಹಳತಾಗಲು ಬಿಟ್ಟೇ ಬಳಸುತ್ತಾರೆ; ಆಗ ಕಹಿ ಇಳಿದಿರುತ್ತದೆ, ಬೇಡದ ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣ ಉಳಿದಿರುತ್ತದೆ. ಗಂಟೆಗಟ್ಟಲೆ ಕುದ್ದ ರಸವನ್ನು ಮಾಳಿಗೆಗೆ ಹಾಯಿಸುತ್ತಾರೆ. ಅಲ್ಲಿ ಕೋಣೆಯನ್ನೇ ತುಂಬುವ, ಆಳವಿಲ್ಲದ, ಮುಚ್ಚಳವಿಲ್ಲದ ಒಂದು ತಾಮ್ರದ ತೊಟ್ಟಿ. ಅದನ್ನು ಕೂಲ್‌ಶಿಪ್ ಎನ್ನುತ್ತಾರೆ. ಇಡೀ ಪ್ರವಾಸದಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಇದನ್ನೇ. ಕಾಂಟಿಯೋನ್‌ನ ತೊಟ್ಟಿಯಲ್ಲಿ ಸುಮಾರು 7,500 ಲೀಟರ್ ಹಿಡಿಯುತ್ತದೆ. ರಸ ತೆಳುವಾಗಿ ಹರಡಿಕೊಳ್ಳಲಿ, ಹೆಚ್ಚು ಮೈಗೆ ಗಾಳಿ ತಾಗಲಿ ಎಂದೇ ಅದಕ್ಕೆ ಆ ಆಕಾರ. ರಾತ್ರಿಯ ತಣ್ಣನೆಯ ಗಾಳಿ ಸುತ್ತಲೂ ಆಡುತ್ತದೆ, ಆವಿ ಏಳುತ್ತದೆ, ಬೆಳಗಾಗುವಷ್ಟರಲ್ಲಿ ರಸ 20 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಯಾರೂ ಯೀಸ್ಟ್ ಹಾಕುವುದಿಲ್ಲ. ಅಲ್ಲಿಂದ ಮುಂದೆ ಮರದ ಪೀಪಾಯಿಗಳು, ಕಾಯುವಿಕೆ, ಒಂದರ ಹಿಂದೊಂದರಂತೆ ಬರುವ ಸೂಕ್ಷ್ಮಜೀವಿಗಳು. ಕೊನೆಯಲ್ಲಿ ತಾನಿರುವುದನ್ನು ಪರಿಮಳದಿಂದಲೇ ತಿಳಿಸುವ ಯೀಸ್ಟಿಗೆ ಈ ನಗರದ್ದೇ ಹೆಸರು: ಬ್ರೆಟ್ಟಾನೊಮೈಸಿಸ್ ಬ್ರುಕ್ಸೆಲೆನ್ಸಿಸ್.

ಇಲ್ಲಿ ವಿಜ್ಞಾನ ಬಲ್ಲವರು ಒಂದು ಆಕ್ಷೇಪ ಎತ್ತುತ್ತಾರೆ. ಬಿಯರನ್ನು ಹುದುಗಿಸುವ ಜೀವಿಗಳು ಕಣಿವೆಯ ಗಾಳಿಗಿಂತ ಹೆಚ್ಚಾಗಿ ಹಳೆಯ ಪೀಪಾಯಿಯ ಮರದಲ್ಲಿ, ಗೋಡೆ ತೊಲೆಗಳಲ್ಲಿ ಬೀಡುಬಿಟ್ಟಿರುತ್ತವೆ, ಹಾಗಿರುವಾಗ ಜಾಗದ ಮಹಿಮೆ ಬರಿಯ ಜಾಹೀರಾತಲ್ಲವೇ ಎಂದು. ಕಟ್ಟಡ ಮತ್ತು ಪೀಪಾಯಿಗಳ ಪಾತ್ರ ದೊಡ್ಡದೆಂದು ಸಂಶೋಧನೆಗಳೂ ತೋರಿಸಿವೆ. ಆದರೆ ಇದರಿಂದ ಜಾಗದ ಮಹತ್ವ ಕುಗ್ಗುವುದಿಲ್ಲ, ಇನ್ನಷ್ಟು ಖಚಿತವಾಗುತ್ತದೆ. ನಮ್ಮ ದೋಸೆ ಹಿಟ್ಟು ಹುಳಿಯಾಗಲು ಬೇಕಾದದ್ದು ಉದ್ದಿನಬೇಳೆಯಲ್ಲೂ ಪಾತ್ರೆಯಲ್ಲೂ ರುಬ್ಬುವ ಕೈಯಲ್ಲೂ ಮೊದಲೇ ಇರುವಂತೆ, ಲ್ಯಾಂಬಿಕ್ಕಿಗೆ ಬೇಕಾದದ್ದು ಆ ಮನೆಯಲ್ಲೇ ನೆಲೆಗೊಂಡಿರುತ್ತದೆ. ಅದು ತಲೆಮಾರುಗಳ ಬಳಕೆಯಿಂದ ಕೂಡಿಬಂದ ಆಸ್ತಿ; ಕಟ್ಟಡ ಕೆಡವಿದರೆ ಹೋಯಿತು. ಕಾಂಟಿಯೋನ್‌ನಲ್ಲಿ ಜೇಡರ ಬಲೆಗಳನ್ನು ಗುಡಿಸದೆ ಬಿಡುವುದೂ ಇಂಥ ಎಚ್ಚರದಿಂದಲೇ. ಜೇಡಗಳು ಹುಳುಹುಪ್ಪಟೆಗಳನ್ನು ಹಿಡಿಯುತ್ತವೆ, ಮದ್ದು ಸಿಂಪಡಿಸುವ ಅಗತ್ಯ ಬೀಳುವುದಿಲ್ಲ. ಎಲ್ಲವೂ ತಾನಾಗಿಯೇ ಆಗುವುದಾದರೆ ಮನುಷ್ಯನ ಕುಶಲತೆ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಬೆರಕೆಯಲ್ಲಿದೆ. ಪೀಪಾಯಿಯ ಲ್ಯಾಂಬಿಕ್‌ನಲ್ಲಿ ನೊರೆ ಇರುವುದಿಲ್ಲ, ಒಂದು ಪೀಪಾಯಿಯಂತೆ ಇನ್ನೊಂದು ಇರುವುದಿಲ್ಲ. ಒಂದು, ಎರಡು, ಮೂರು ವರ್ಷದವುಗಳನ್ನು ರುಚಿ ನೋಡಿ ಆರಿಸಿ ಬೆರೆಸಿದಾಗ, ಎಳೆಯದರಲ್ಲಿ ಉಳಿದಿರುವ ಸಕ್ಕರೆ ಸೀಸೆಯೊಳಗೆ ಮತ್ತೆ ಹುದುಗಿ ನೊರೆ ಕಟ್ಟುತ್ತದೆ, ಹಳೆಯದು ಆಳವಾದ ಪರಿಮಳ ಕೊಡುತ್ತದೆ. ಅದೇ ಗೂಜ್. ನಾಲಿಗೆಯೇ ಅಳತೆಗೋಲಾದ ಈ ಕೆಲಸ ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ಕಲಿಯುವಂಥದ್ದು.

ಈ ಬೆರಕೆಯೇ ನೆರೆಹೊರೆಯ ಸಂಬಂಧಕ್ಕೂ ಮೂಲ. ಇಲ್ಲಿ ಬಿಯರ್ ಕುದಿಸದೆ, ಬೇರೆ ಬ್ರೂವರಿಗಳಿಂದ ಹಸಿ ರಸವನ್ನು ಕೊಂಡು ತಮ್ಮ ಪೀಪಾಯಿಗಳಲ್ಲಿ ಹಣ್ಣುಮಾಡಿ ಬೆರೆಸುವವರದೇ ಒಂದು ಹಳೆಯ ವರ್ಗವಿದೆ. ಡ್ವೋರ್ಪ್ ಊರಿನ ಹಾನ್ಸೆನ್ಸ್ ಮನೆಯವರು ಇಂದಿಗೂ ಹಾಗೆಯೇ ಮಾಡುತ್ತಾರೆ. ಮಾರುವವನ ಗಿರಾಕಿಗಳೇ ಕೊಳ್ಳುವವನ ಗಿರಾಕಿಗಳೂ, ಆದರೂ ವ್ಯಾಪಾರ ನಿಂತಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ನೂರಕ್ಕೂ ಹೆಚ್ಚು ಬ್ರೂವರಿಗಳಿದ್ದವು ಎನ್ನುತ್ತದೆ ಕಾಂಟಿಯೋನ್‌ನ ಕರಪತ್ರ. ಎರಡು ಯುದ್ಧಗಳು ಬಂದವು, ತಿಳಿಬಣ್ಣದ ಲಾಗರ್ ಬಂತು, ಆಮೇಲೆ ಸಕ್ಕರೆ ಬೆರೆಸಿ ಸೋಸಿದ ಕಾರ್ಖಾನೆಯ ಗೂಜ್ ಬಂತು. ಸಣ್ಣ ಮನೆಗಳು ಒಂದೊಂದಾಗಿ ಮುಚ್ಚಿದವು. 1978ರಲ್ಲಿ ಕಾಂಟಿಯೋನ್ ಕುಟುಂಬದ ಅಳಿಯ ಜಾನ್-ಪಿಯೆರ್ ವಾನ್ ರೊಯ್ ತಮ್ಮ ಬ್ರೂವರಿಯನ್ನೇ ಜೀವಂತ ಸಂಗ್ರಹಾಲಯವಾಗಿ ಜನರಿಗೆ ತೆರೆದರು. 1997ರಲ್ಲಿ ಕಣಿವೆಯ ಹಲವು ಮನೆಗಳು ಸೇರಿ ಹೊರಾಲ್ ಎಂಬ ಕೂಟ ಕಟ್ಟಿದವು, ಎರಡು ವರ್ಷಕ್ಕೊಮ್ಮೆ ಒಂದು ವಾರಾಂತ್ಯ ಎಲ್ಲರ ಬಾಗಿಲೂ ತೆರೆದಿಡುವ ರೂಢಿ ತಂದವು. ಹಳೆಯ ಬಗೆಯ ಗೂಜ್‌ಗೆ ಯುರೋಪಿಯನ್ ಒಕ್ಕೂಟದ ರಕ್ಷಣೆ ಸಿಕ್ಕಿದ್ದೂ ಅದೇ ವರ್ಷ.

ಆ ಕೂಟ ಕಟ್ಟುವುದರಲ್ಲಿ ಮುಂದಿದ್ದವರು ಬೇರ್ಸೆಲ್‌ನ ದ್ರೀ ಫೊಂಟೇನೆನ್ ಮನೆಯ ಅರ್ಮಾಂಡ್ ಡೆಬೆಲ್ಡರ್. ಈ ಕಣಿವೆಯ ಕಥೆಯನ್ನು ಒಬ್ಬರ ಬದುಕಿನಲ್ಲಿ ಓದಬೇಕೆಂದರೆ ಅವರದ್ದನ್ನೇ ಓದಬೇಕು. ಅವರ ತಂದೆ ಗಾಸ್ಟನ್ 1953ರಲ್ಲಿ ಬೇರ್ಸೆಲ್‌ನಲ್ಲಿ ಕೊಂಡದ್ದು ಒಂದು ಹೋಟೆಲು, ಅದರೊಂದಿಗೆ ಗೂಜ್ ಬೆರೆಸುವ ನೆಲಮಾಳಿಗೆ. ಅಡುಗೆಯ ಕೆಲಸದಿಂದ ಬಂದ ಅರ್ಮಾಂಡ್ ತಂದೆಯಿಂದ ಬೆರಕೆ ಕಲಿತರು. ಬೇರೆಯವರು ಈ ಕಸುಬನ್ನು ಬಿಡುತ್ತಿದ್ದ ಕಾಲ ಮುಗಿದಿರಲಿಲ್ಲ. ಆದರೂ ಅರ್ಮಾಂಡ್ 1990ರ ದಶಕದ ಕೊನೆಗೆ ಸ್ವಂತ ಲ್ಯಾಂಬಿಕ್ ಕುದಿಸಲು ತೊಡಗಿದರು. ಆ ಸೀಮೆಯ ಹಳೆಯ ತಳಿಯಾದ ಸ್ಕಾರ್ಬೇಕ್ ಹುಳಿ ಚೆರ್ರಿಯನ್ನು ಹುಡುಕಿ ತಂದು ಲ್ಯಾಂಬಿಕ್‌ನಲ್ಲಿ ನೆನೆಸಿದರು. 2009ರ ಮೇ ತಿಂಗಳಲ್ಲಿ ಸೀಸೆಗಳನ್ನು ಬೆಚ್ಚಗಿಡುವ ಕೋಣೆಯ ಥರ್ಮೋಸ್ಟಾಟ್ ಕೆಟ್ಟಿತು. ಹೀಟರ್ ನಿಲ್ಲಲಿಲ್ಲ, ಕೋಣೆ 60 ಡಿಗ್ರಿಯವರೆಗೆ ಕಾಯಿತು. ಸೀಸೆಗಳು ಸಿಡಿದವು, ಉಳಿದವು ಒಳಗೇ ಕೆಟ್ಟವು. ಸುಮಾರು 80,000 ಸೀಸೆಗಳ ನಷ್ಟ. ವರ್ಷಗಳ ದುಡಿಮೆ ಹೋದದ್ದು ಮಾತ್ರವಲ್ಲ, ಮುಂದಿನ ದಿನಗಳಿಗೆ ಕೈಯಲ್ಲಿ ಮಾರಲು ಸರಕೇ ಉಳಿಯಲಿಲ್ಲ. ಕುದಿಸುವ ಸಲಕರಣೆಗಳನ್ನು ಅವರು ಕೈಬಿಡಬೇಕಾಯಿತು. ಬೇರೆ ಯಾವ ವ್ಯಾಪಾರದಲ್ಲಾದರೂ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಜನ ಬಂದು ಕೆಟ್ಟ ಸೀಸೆಗಳನ್ನು ಒಂದೊಂದಾಗಿ ತೆರೆದು ಸುರಿಯಲು ಕೈಜೋಡಿಸಿದರು, ಆ ಬಿಯರನ್ನು ಬಟ್ಟಿಯಿಳಿಸಿ ಮಾಡಿದ ಮದ್ಯ ಮಾರಾಟಕ್ಕೆ ಬಂತು, ನೆರೆಯ ಬ್ರೂವರಿಗಳು ರಸ ಕೊಟ್ಟು ಪೀಪಾಯಿಗಳು ಬರಿದಾಗದಂತೆ ನೋಡಿಕೊಂಡವು. ಬೆರೆಸುವ ಹಳೆಯ ವಿದ್ಯೆಯೂ ಆಗ ಅವರ ಕೈಹಿಡಿಯಿತು. ಕೆಲವು ವರ್ಷಗಳಲ್ಲಿ ಮತ್ತೆ ಸ್ವಂತವಾಗಿ ಕುದಿಸತೊಡಗಿದರು. 2016ರಲ್ಲಿ ಲೋಟ್‌ನಲ್ಲಿ ವಿಶಾಲವಾದ ಹೊಸ ಜಾಗ ತೆರೆಯಿತು. ಕೈಕೆಳಗೆ ಕಲಿತ ಕಿರಿಯರಿಗೆ ಕೆಲಸ ಒಪ್ಪಿಸಿದ್ದ ಅರ್ಮಾಂಡ್ 2022ರಲ್ಲಿ ತೀರಿಕೊಂಡರು. ಬೇರ್ಸೆಲ್ ಊರಿನದೇ ಇನ್ನೊಂದು ಉದಾಹರಣೆ ಔಡ್ ಬೇರ್ಸೆಲ್. 1882ರ ಈ ಬ್ರೂವರಿ ಈ ಶತಮಾನದ ಆರಂಭದಲ್ಲಿ ಮುಚ್ಚಿತ್ತು. ಅದರ ಬಿಯರನ್ನು ಮೆಚ್ಚಿ ಕುಡಿಯುತ್ತಿದ್ದ ಗೆರ್ಟ್ ಕ್ರಿಸ್ಟಿಯಾನ್ಸ್ ಎಂಬ ಗಿರಾಕಿಯೇ ಅದನ್ನು 2005ರಲ್ಲಿ ಮತ್ತೆ ತೆರೆದರು. ಆಗ ಅದಕ್ಕೆ ಬೇಕಾದ ರಸ ಕುದಿದದ್ದು ಲೆಂಬೇಕ್‌ನ ಬೂನ್ ಬ್ರೂವರಿಯಲ್ಲಿ.

ಬಂದುಹೋಗುವವರೇ ಕಸುಬನ್ನು ಕೆಡಿಸುತ್ತಾರೆ ಎನ್ನುವವರಿದ್ದಾರೆ. ಅಪರೂಪದ ಸೀಸೆಗಳನ್ನು ಕೊಂಡು ಹಲವು ಪಟ್ಟು ಬೆಲೆಗೆ ಮರುಮಾರಾಟ ಮಾಡುವ ದಂಧೆ ಬೆಳೆದಿರುವುದು ನಿಜ, ಊರಿನ ಕೂಲಿಕಾರರ ಪಾನೀಯ ದೂರದ ಶ್ರೀಮಂತರ ಸಂಗ್ರಹದ ವಸ್ತುವಾಗುವುದು ನೋವಿನ ಸಂಗತಿ. ಆದರೆ ಆ ದಂಧೆ ನಡೆಯುವುದು ಸೀಸೆ ಊರು ಬಿಟ್ಟ ಮೇಲೆ. ಅಲ್ಲಿಗೇ ಹೋಗಿ, ಕೂತು, ಹಂಚಿಕೊಂಡು ಮುಗಿಸುವ ಅತಿಥಿ ಅದಕ್ಕೆ ಸರಕು ಒದಗಿಸುವುದಿಲ್ಲ. ಇನ್ನೊಂದು ಆಕ್ಷೇಪ ನಮ್ಮದೇ ನೆಲದ್ದು, ಹೆಚ್ಚು ತೂಕದ್ದು. 2007ರಲ್ಲಿ ಸಾರಾಯಿಯನ್ನು ನಿಷೇಧಿಸಿದ ರಾಜ್ಯದಲ್ಲಿ ಕೂತು ಮದ್ಯದ ಕಸುಬನ್ನು ಹೊಗಳಬಹುದೇ? ಕುಡಿತದಿಂದ ಮುರಿದ ಮನೆಗಳನ್ನು ಕಂಡವರ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕುಡಿಯದವರು ಕುಡಿಯಬೇಕೆಂದು ಈ ಲೇಖನ ಹೇಳುತ್ತಿಲ್ಲ. ಅಗ್ಗವಾಗಿ, ಬೇಗನೆ, ಅಮಲಿಗಾಗಿಯೇ ತಯಾರಾಗುವ ಸರಕು ಮಾಡಿದ ಹಾನಿಗೂ, ಮೂರು ವರ್ಷ ಕಾದು ಇಬ್ಬರಿಗೆ ಒಂದು ಸೀಸೆ ಕೊಡುವ ಕಸುಬಿಗೂ ನಡುವಿನ ಅಂತರವನ್ನು ಮಾತ್ರ ಮರೆಯಬಾರದು. ಲೋಟ ಮುಟ್ಟದೆಯೂ ಆ ತೊಟ್ಟಿಯನ್ನೂ ಪೀಪಾಯಿಗಳ ಸಾಲನ್ನೂ ನೋಡಿ ಬರಬಹುದು.

ನೆರೆಹೊರೆಯ ಕೈಗೂ ಮೀರಿದ ಕಷ್ಟ ಒಂದಿದೆ. ಕೂಲ್‌ಶಿಪ್‌ಗೆ ತಣ್ಣನೆಯ ರಾತ್ರಿಗಳು ಬೇಕು. ಸೆಕೆಯಿದ್ದರೆ ರಸ ನಿಧಾನವಾಗಿ ತಣಿಯುತ್ತದೆ, ಬೇಡದ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆಯುತ್ತವೆ. ಆದ್ದರಿಂದಲೇ ಅಲ್ಲಿ ಕುದಿಸುವ ಕೆಲಸ ಚಳಿಗಾಲದ ಆಸುಪಾಸಿನ ತಿಂಗಳುಗಳಿಗೆ ಸೀಮಿತ. 2015ರ ನವೆಂಬರಿನಲ್ಲಿ ರಾತ್ರಿಗಳು ತಣಿಯದೆ ಕಾಂಟಿಯೋನ್ ಕೆಲಸ ನಿಲ್ಲಿಸಿ ಕಾಯಬೇಕಾಯಿತು. ಹಿಂದಿನವರಿಗೆ ಸಿಗುತ್ತಿದ್ದಷ್ಟು ದಿನಗಳು ಈಗ ಸಿಗುತ್ತಿಲ್ಲವೆಂದು ಇಂದು ಅದನ್ನು ನಡೆಸುವ, ಜಾನ್-ಪಿಯೆರ್ ಅವರ ಮಗ ಜಾನ್ ವಾನ್ ರೊಯ್ ಹೇಳುತ್ತಾ ಬಂದಿದ್ದಾರೆ. ಯಂತ್ರದಿಂದ ತಣಿಸಬಹುದಲ್ಲ ಎಂದರೆ, ತಣಿಸಬಹುದು. ಆದರೆ ತೆರೆದ ತೊಟ್ಟಿ ಬಿಟ್ಟ ಮೇಲೆ ಆಗುವುದು ಲ್ಯಾಂಬಿಕ್ ಅಲ್ಲ. ಬೆರಕೆಗೆ ಮೂರು ವರ್ಷಗಳ ಪೀಪಾಯಿಗಳೂ ಬೇಕಾಗುವುದರಿಂದ, ಒಂದು ಚಳಿಗಾಲ ಕೈಕೊಟ್ಟರೆ ಅದರ ಕೊರತೆ ಮುಂದಿನ ವರ್ಷ ಎಳೆಯದರಲ್ಲಿ, ಅದರ ಮುಂದಿನ ವರ್ಷ ನಡುವಿನದರಲ್ಲಿ, ಮೂರನೆಯ ವರ್ಷ ಹಳೆಯದರಲ್ಲಿ ಕಾಣಿಸಿಕೊಳ್ಳುತ್ತದೆ. ತೊಟ್ಟಿ ತುಂಬಿರುವಾಗ ನೋಡಬೇಕೆನ್ನುವವರು ನವೆಂಬರ್ ಮತ್ತು ಮಾರ್ಚ್ ನಡುವೆ ಹೋಗುವುದು ಒಳ್ಳೆಯದು.