ಕ್ಯುಸೆಕ್ ಎಂದರೆ ಎಷ್ಟು ನೀರು?

ಮಕ್ಕಳೇ, ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಜಲಾಶಯಗಳ ಸುದ್ದಿ ತಪ್ಪದೆ ಬರುತ್ತದೆ. ಒಂದೇ ಸುದ್ದಿಯಲ್ಲಿ ಅಡಿ, ಟಿಎಂಸಿ, ಕ್ಯುಸೆಕ್ ಮೂರೂ ಇರುತ್ತವೆ. ಇವು ಬೇರೆ ಬೇರೆ ಅಳತೆಗಳು. ಒಂದರ ಬದಲು ಇನ್ನೊಂದನ್ನು ತಿಳಿದುಕೊಂಡರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಪ್ರಮಾಣ ಮತ್ತು ಹರಿವು

ಉದ್ದ, ಅಗಲ, ಎತ್ತರ ಒಂದೊಂದು ಅಡಿ ಇರುವ ಪೆಟ್ಟಿಗೆಯನ್ನು ಊಹಿಸಿಕೊಳ್ಳಿ. ಅದರಲ್ಲಿ ಹಿಡಿಯುವ ನೀರು ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಇಂತಹ 100 ಕೋಟಿ ಪೆಟ್ಟಿಗೆಗಳ ನೀರು ಸೇರಿದರೆ ಒಂದು ಟಿಎಂಸಿ. ಇದು ನೀರಿನ ಪ್ರಮಾಣ. ಕೃಷ್ಣರಾಜಸಾಗರ ತುಂಬಿದಾಗ 49.45 ಟಿಎಂಸಿ ನೀರು ಹಿಡಿಯುತ್ತದೆ.

ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯುಸೆಕ್. ಇದು ಹರಿವಿನ ದರ. ‘15,000 ಕ್ಯುಸೆಕ್ ನೀರು ಬಿಡುಗಡೆ’ ಎಂದಷ್ಟೇ ಬರೆದರೆ ಒಟ್ಟು ಎಷ್ಟು ನೀರು ಹೋಯಿತು ಎಂಬುದು ತಿಳಿಯುವುದಿಲ್ಲ. ಎಷ್ಟು ಹೊತ್ತು ಬಿಟ್ಟರು ಎಂದೂ ಹೇಳಬೇಕು.

ಒಂದು ನಿಜ ಲೆಕ್ಕ

2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್, ತಮಿಳುನಾಡಿಗೆ ದಿನಕ್ಕೆ 15,000 ಕ್ಯುಸೆಕ್‌ನಂತೆ 10 ದಿನ ಕಾವೇರಿ ನೀರು ಬಿಡಲು ಕರ್ನಾಟಕಕ್ಕೆ ಆದೇಶಿಸಿತು. ಹಾಗಾದರೆ ಒಟ್ಟು 1,50,000 ಕ್ಯುಸೆಕ್ ಆಯಿತೇ? ಇಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿ 10 ಗಂಟೆ ಓಡಿದ ಬಸ್ಸಿನ ವೇಗ 400 ಆಗುವುದಿಲ್ಲ. ಅದು ಸಾಗಿದ ದೂರ 400 ಕಿ.ಮೀ. ಆಗುತ್ತದೆ. ಇಲ್ಲಿಯೂ ಹಾಗೆಯೇ.

ಒಂದು ದಿನಕ್ಕೆ 86,400 ಸೆಕೆಂಡು. ಅದನ್ನು 15,000ದಿಂದ ಗುಣಿಸಿದರೆ 129.6 ಕೋಟಿ ಘನ ಅಡಿ, ಅಂದರೆ ಸುಮಾರು 1.3 ಟಿಎಂಸಿ. 10 ದಿನಕ್ಕೆ ಸುಮಾರು 13 ಟಿಎಂಸಿ. ಇದು ಕೃಷ್ಣರಾಜಸಾಗರದ ಸಾಮರ್ಥ್ಯದ ಕಾಲು ಭಾಗಕ್ಕಿಂತ ತುಸು ಹೆಚ್ಚು!

ಸೆಪ್ಟೆಂಬರ್ 12ರಂದು ಕೋರ್ಟ್ ಹರಿವನ್ನು 12,000 ಕ್ಯುಸೆಕ್‌ಗೆ ಇಳಿಸಿತು. ಆದರೆ 20ರವರೆಗೆ ಬಿಡುವಂತೆ ಹೇಳಿತು. ಹರಿವು ಇಳಿಯಿತು, ದಿನಗಳು ಹೆಚ್ಚಿದವು. ಒಟ್ಟು ನೀರು ಕಡಿಮೆಯಾಯಿತೋ ಹೆಚ್ಚಾಯಿತೋ? ಗದ್ದೆಗೆ ನೀರು ಕಾಯುವ ಎರಡೂ ರಾಜ್ಯಗಳ ರೈತರಿಗೆ ಬೇಕಾದ ಉತ್ತರ ಇದೇ. ಕ್ಯುಸೆಕ್ ಅಂಕಿಯೊಂದನ್ನೇ ನೋಡಿದರೆ ಅದು ಸಿಗುವುದಿಲ್ಲ. ದಿನಗಳಿಂದ ಗುಣಿಸಿಯೇ ತಿಳಿಯಬೇಕು.

ಅಡಿ ಎಲ್ಲಿಂದ?

ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಶರಾವತಿಯ ಲಿಂಗನಮಕ್ಕಿಯದು 1,819 ಅಡಿ ಎಂದು ಪತ್ರಿಕೆಗಳು ಬರೆಯುತ್ತವೆ. ಲಿಂಗನಮಕ್ಕಿ ಅಷ್ಟೊಂದು ಆಳವೇ? ಅಲ್ಲ. ಮೊದಲನೆಯದನ್ನು ಅಣೆಕಟ್ಟಿನ ತಳಭಾಗದಿಂದ ಅಳೆದಿದ್ದಾರೆ, ಎರಡನೆಯದನ್ನು ಸಮುದ್ರ ಮಟ್ಟದಿಂದ. ಎರಡನ್ನೂ ಸಮುದ್ರ ಮಟ್ಟದಿಂದಲೇ ಅಳೆದರೆ ಕೃಷ್ಣರಾಜಸಾಗರದ ನೀರೇ ಹೆಚ್ಚು ಎತ್ತರದಲ್ಲಿದೆ!

ಆದ್ದರಿಂದ ಸುದ್ದಿಯಲ್ಲಿ ಅಂಕಿ ಕಂಡಾಗ ಮೂರು ಪ್ರಶ್ನೆ ಕೇಳಿ: ಇದು ಪ್ರಮಾಣವೋ ಹರಿವೋ? ಎಷ್ಟು ಹೊತ್ತು? ಎಲ್ಲಿಂದ ಅಳೆದದ್ದು?

ಮಾಡಿ ನೋಡಿ

10 ಲೀಟರ್ ಬಕೆಟ್ ಶಾಲೆಯ ನಲ್ಲಿಯಲ್ಲಿ ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. ಸೆಕೆಂಡಿಗೆ ಎಷ್ಟು ಲೀಟರ್ ಆಯಿತು? ಇಂತಹ ಎಷ್ಟು ನಲ್ಲಿಗಳು ಸೇರಿದರೆ ಒಂದು ಕ್ಯುಸೆಕ್? ಆ ಬಕೆಟ್ ನೀರನ್ನು ಗಿಡಗಳಿಗೆ ಹಾಕಲು ಮರೆಯಬೇಡಿ.