ಕೆನ್‌ರೊಕುಎನ್‌ನಲ್ಲಿ ದುಡಿಯುವ ಕೈಗಳು

ಜಪಾನಿ ತೋಟವೆಂದರೆ ಶಾಂತಿ, ಧ್ಯಾನ, ಮೌನ ಎಂದು ಬರೆದವರನ್ನು ಬೇಕಾದಷ್ಟು ಓದಿದ್ದೆ. ಸಾಗರದ ಕಡೆಯ ಅಡಿಕೆ ತೋಟದಲ್ಲಿ ಹುಟ್ಟಿ ಬೆಳೆದ ನನ್ನ ಕಣ್ಣಿಗೆ ಅಲ್ಲಿ ಮೊದಲು ಬಿದ್ದದ್ದು ದುಡಿಮೆ. ಮಗ ಓದುತ್ತಿರುವ ಊರಿಗೆ ಕನಜಾವ ಹತ್ತಿರ. ಅವನನ್ನು ನೋಡಲು ಹೋದವಳು ನವೆಂಬರಿನಲ್ಲಿ ಅಲ್ಲಿನ ಕೆನ್‌ರೊಕುಎನ್ ಉದ್ಯಾನಕ್ಕೆ ಹೋದೆ.

ಜಪಾನಿನ ಮೂರು ಶ್ರೇಷ್ಠ ಉದ್ಯಾನಗಳಲ್ಲಿ ಇದೂ ಒಂದು. ಕಾಗಾ ಸೀಮೆಯನ್ನು ಆಳಿದ ಮಾಯೆದಾ ಮನೆತನದ ಐದನೆಯ ದೊರೆ ತ್ಸುನನೊರಿ 1676ರಲ್ಲಿ ಕೋಟೆಯ ಹೊರಗೆ ಇದಕ್ಕೆ ಬುನಾದಿ ಹಾಕಿದ. ಮುಂದೆ ಬಂದವರು ಕೊಳ, ಗುಡ್ಡ, ಸೇತುವೆ ಸೇರಿಸುತ್ತ ಹೋಗಿ ಈಗ ಇದು ಸುಮಾರು 28 ಎಕರೆ. ಜನಸಾಮಾನ್ಯರಿಗೆ ತೆರೆದದ್ದು 1874ರಲ್ಲಿ.

ನಾನು ಹೋದಾಗ ಮರಗಳಿಗೆ ಹಗ್ಗ ಕಟ್ಟುತ್ತಿದ್ದರು. ಆ ಕಡೆಯ ಹಿಮ ನೀರು ಹೀರಿಕೊಂಡ ಭಾರದ ಹಿಮ, ರಾತ್ರಿ ಬಿದ್ದರೆ ಬೆಳಗಾಗುವಷ್ಟರಲ್ಲಿ ಕೊಂಬೆ ಮುರಿಯುತ್ತದೆ. ಅದಕ್ಕೇ ಪ್ರತಿವರ್ಷ ನವೆಂಬರ್ 1ರಂದು ಕರಸಾಕಿ ಎಂಬ ಪೈನ್ ಮರದಿಂದ ಈ ಕೆಲಸ ಶುರುವಾಗುತ್ತದೆ. ಹದಿಮೂರನೆಯ ದೊರೆ ಬಿವಾ ಸರೋವರದ ದಂಡೆಯ ಕರಸಾಕಿಯಿಂದ ಬೀಜ ತರಿಸಿ ಬೆಳೆಸಿದ ಮರ ಇದು. ಆ ಒಂದೇ ಮರಕ್ಕೆ ಐದು ಕಂಬ, ಸುಮಾರು 800 ಹುಲ್ಲುಹಗ್ಗ. ಕಂಬದ ತುದಿಯಲ್ಲಿ ಒಬ್ಬ ಕೂತು ಹಗ್ಗವನ್ನು ಒಂದೊಂದಾಗಿ ಕೆಳಗೆ ಎಸೆಯುತ್ತಾನೆ. ಏಣಿಯ ಮೇಲಿನವರು ಅದನ್ನು ಹಿಡಿದು, ಕೊಂಬೆಗೆ ಸುತ್ತಿ, ಬಿಗಿ ನೋಡಿ ಗಂಟು ಹಾಕುತ್ತಾರೆ. ಬಿಗಿ ಹೆಚ್ಚಾದರೆ ಕೊಂಬೆ ಮೇಲೇಳುತ್ತದೆ, ಕಡಿಮೆಯಾದರೆ ಹಿಮದ ಭಾರಕ್ಕೆ ಹಗ್ಗವಿದ್ದೂ ಇಲ್ಲದಂತೆ. ನಮ್ಮ ಕೊನೆಗೌಡ ಅಡಿಕೆ ಮರದ ಮೇಲಿಂದ ಹಗ್ಗದಲ್ಲಿ ಕೊನೆ ಜಾರಿಸುವಾಗ ಕೆಳಗೆ ಹಿಡಿದು ನಿಂತವನ ಜೊತೆ ಇಟ್ಟುಕೊಳ್ಳುವ ಹೊಂದಾಣಿಕೆಯೇ ಅಲ್ಲೂ ಇತ್ತು. ಮಾತು ಕಡಿಮೆ, ಹಗ್ಗದ ಎಳೆತದಲ್ಲೇ ಎಲ್ಲ ತಿಳಿಯುತ್ತದೆ. ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ, ಮಗ ಕೈಹಿಡಿದು ಎಳೆದ ಮೇಲೆ ಹೊರಟೆ.

ನೀರಿನ ಏರ್ಪಾಡು ಇನ್ನೂ ಸೊಗಸು. ಉದ್ಯಾನ ದಿನ್ನೆಯ ಮೇಲಿದೆ, ನದಿ ಕೆಳಗೆ. 1631ರಲ್ಲಿ ಊರಿಗೂ ಕೋಟೆಗೂ ದೊಡ್ಡ ಬೆಂಕಿ ಬಿದ್ದಿತ್ತು. ಮರುವರ್ಷವೇ ಸಾಯ್ ನದಿಯ ಮೇಲ್ಭಾಗದಿಂದ ಸುಮಾರು 11 ಕಿಲೋಮೀಟರ್ ಉದ್ದದ ತತ್ಸುಮಿ ಕಾಲುವೆ ತೋಡಿಸಿದರು. ಆ ಕಾಲುವೆ ಇವತ್ತಿಗೂ ಉದ್ಯಾನದ ಕೊಳ, ತೊರೆಗಳಿಗೆ ನೀರುಣಿಸುತ್ತಿದೆ. ಮೇಲಿನ ದೊಡ್ಡ ಕೊಳದ ನೀರು ತನ್ನ ಒತ್ತಡದಿಂದಲೇ ಕೆಳಗೊಂದು ಕಡೆ ಕಾರಂಜಿಯಾಗಿ ಸುಮಾರು ಮೂರೂವರೆ ಮೀಟರ್ ಚಿಮ್ಮುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಎಲ್ಲರೂ ಫೋಟೋ ಹೊಡೆಸಿಕೊಳ್ಳುವುದು ಎರಡು ಕಾಲಿನ ಕೊತೊಜಿ ಕಲ್ಲುದೀಪದ ಮುಂದೆ. ಅದು ಚೆಂದವೇ. ಆದರೆ ಈ ಕಾರಂಜಿಯ ಮುಂದೆ ಐದು ನಿಮಿಷ ನಿಲ್ಲಿ ಎಂದು ನಾನು ಹೇಳುತ್ತೇನೆ.

ಹಿಸಾಗೊ ಕೊಳದ ಅಂಚಿನಲ್ಲಿ ಯೂಗಾವೊ-ತೇ ಎಂಬ ಪುಟ್ಟ ಚಹಾಗೃಹವಿದೆ. ಹುಲ್ಲು ಹೊದಿಸಿದ ಮಾಡು, ಎದುರಿಗೇ ಜಲಪಾತ. 1774ರಲ್ಲಿ ಕಟ್ಟಿದ್ದು, ಉದ್ಯಾನದ ಕಟ್ಟಡಗಳಲ್ಲೆಲ್ಲ ಹಳೆಯದು. ಒಳಗೆ ಬಿಡುವುದಿಲ್ಲ, ಹೊರಗಿನಿಂದಲೇ ನೋಡಬೇಕು. ಹಳೆಯ ಚಹಾಗೃಹಗಳಲ್ಲಿ ಅತಿಥಿಗಳಿಗೆಂದು ಎರಡಡಿ ಚಿಲ್ಲರೆ ಅಗಲದ ಚೌಕ ಬಾಗಿಲು ಇರುತ್ತಿತ್ತು. ದೊರೆಯಾದರೂ ಕತ್ತಿ ಹೊರಗಿಟ್ಟು ಮೊಣಕಾಲೂರಿ ನುಸುಳಬೇಕು. ಅಧಿಕಾರವನ್ನು ಹೊರಗೇ ಬಿಟ್ಟು ಬಾ ಎಂದು ಬಡಗಿಯಿಂದಲೇ ಹೇಳಿಸಿದ ಆ ಬಾಗಿಲ ಬಗ್ಗೆ ನನಗೆ ತುಂಬ ಗೌರವ.

ಚಹಾ ಕುಡಿಯಬೇಕೆಂದರೆ ಶಿಗುರೆ-ತೇಗೆ ಹೋಗಬೇಕು. ಹಳೆಯ ಕಟ್ಟಡದ ನೆನಪಿಗೆ 2000ದಲ್ಲಿ ಮತ್ತೆ ಕಟ್ಟಿದ್ದು. ಚಾಪೆ ಹಾಸಿದ ಕೋಣೆ, ತೆರೆದ ಬಾಗಿಲಾಚೆ ತೋಟ. ಮೊದಲು ಒಂದು ಸಿಹಿ ಬಂತು. "ಅಮ್ಮಾ, ಅದನ್ನ ಪೂರ್ತಿ ತಿಂದುಬಿಡು, ಚಹಾ ಕಹಿ ಇರತ್ತೆ" ಎಂದ ಮಗ. ಆಮೇಲೆ ಬಟ್ಟಲು ಬಂತು. ಕೊಯ್ಲಿಗೆ ಮೂರು ವಾರದಷ್ಟು ಮೊದಲೇ ಗಿಡಕ್ಕೆ ನೆರಳು ಕಟ್ಟಿ, ಚಿಗುರು ಬಿಡಿಸಿ, ಹಬೆ ಹಾಯಿಸಿ ಒಣಗಿಸಿ, ಬೀಸುಕಲ್ಲಿನಲ್ಲಿ ನುಣ್ಣಗೆ ಬೀಸಿದ ಪುಡಿ ಅದು. ಬಿಸಿನೀರು ಹಾಕಿ ಬಿದಿರಿನ ಕಡ್ಡಿಗಳ ಕಡಗೋಲಿನಿಂದ ನೊರೆ ಬರುವ ಹಾಗೆ ಕಡೆಯುತ್ತಾರೆ. ಸೋಸುವುದಿಲ್ಲ, ಎಲೆಯನ್ನೇ ಕುಡಿದ ಹಾಗೆ. ಬಟ್ಟಲನ್ನು ಬಲಗೈಯಲ್ಲಿ ಎತ್ತಿ ಎಡ ಅಂಗೈ ಮೇಲಿಟ್ಟು, ಸ್ವಲ್ಪ ತಿರುಗಿಸಿ ಕುಡಿಯಬೇಕು. ಬಟ್ಟಲಿನ ಚೆಂದದ ಮಗ್ಗುಲನ್ನು ಅವರು ಅತಿಥಿಯ ಕಡೆಗಿಟ್ಟು ಕೊಡುತ್ತಾರೆ. ಅಲ್ಲಿಗೇ ಬಾಯಿ ಹಚ್ಚಬಾರದೆಂಬ ಸಂಕೋಚ ನಮ್ಮದು. ಮೊದಲ ಗುಟುಕು ಹಸಿ ಸೊಪ್ಪಿನ ವಾಸನೆ, ಆಮೇಲೆ ಕಹಿ, ಕೊನೆಗೆ ನಾಲಗೆಯ ಬುಡದಲ್ಲಿ ಒಂದಿಷ್ಟು ಸಿಹಿ. ನನಗೆ ಹಿಡಿಸಿತು.

ಹೊರಗೆ ಮಾಲಿಗಳು ಹಾವಸೆಯ ಮೇಲೆ ಬಿದ್ದ ಎಲೆ ಗುಡಿಸುತ್ತಿದ್ದರು. ಹಾವಸೆ ಕೀಳದಂತೆ ಪೊರಕೆಯ ತುದಿ ಮಾತ್ರ ತಾಗಿಸುವ ಕೆಲಸ. ಬಟ್ಟಲು ವಾಪಸ್ ಒಯ್ಯಲು ಬಂದ ಹೆಂಗಸು ಬಗ್ಗಿ ನಮಸ್ಕರಿಸಿದ್ದೂ ಅಷ್ಟೇ ನಿಗಾ ಇಟ್ಟು. ತೋಟದ ಕೆಲಸಕ್ಕೂ ಚಹಾಕ್ಕೂ ಅಲ್ಲಿ ಒಂದೇ ಶಿಸ್ತು.

ಹೋಗುವವರು ನವೆಂಬರ್ ಆರಿಸಿಕೊಳ್ಳಿ, ಮೇಪಲ್ ಎಲೆ ಕೆಂಪಾಗಿರುತ್ತದೆ, ಹಗ್ಗ ಕಟ್ಟುವುದೂ ಕಾಣಸಿಗುತ್ತದೆ. ಟೋಕಿಯೊದಿಂದ ಬುಲೆಟ್ ರೈಲಿನಲ್ಲಿ ಎರಡೂವರೆ, ಮೂರು ತಾಸು. ಬೆಳಗಿನ ಜಾವ ಟಿಕೆಟಿಲ್ಲದೆ ಒಳಗೆ ಬಿಡುವ ಹೊತ್ತೊಂದಿದೆ, ಆದರೆ ಆಗ ಚಹಾ ಸಿಗುವುದಿಲ್ಲ. ಶಿಗುರೆ-ತೇ ತೆರೆಯುವುದು ಒಂಬತ್ತಕ್ಕೆ.